ಎಳೆ ನಾಯಿಯ ಕೊರಳಿಗೆ ಯಾವ ಪಟ್ಟಿ?



ಮಾಟ್ಟು ಪೊಂಗಲ್ ಹತ್ತಿರ ಬಂತೆಂದರೆ ನಮ್ಮ ಸಂತೆಯ ಹಗ್ಗದ ಅಂಗಡಿಗಳ ಮುಂದೆ ನಿಮ್ಮಲ್ಲಿ ಅನೇಕರನ್ನು ನಾನು ಕಾಣುತ್ತೇನೆ. ಎತ್ತಿಗೆ ಮೂಗುದಾರ ಕೊಳ್ಳುವಾಗ ಹಗ್ಗವನ್ನು ಬೆರಳ ನಡುವೆ ಉಜ್ಜಿ ನೋಡುತ್ತೀರಿ. ಗಂಟು ಬಿಗಿಯೇ, ನಾರು ಚುಚ್ಚುತ್ತದೆಯೇ, ಮಳೆಗೆ ನೆನೆದರೆ ಕುಗ್ಗುತ್ತದೆಯೇ ಎಂದು ಕೇಳದೆ ಕಾಸು ಬಿಚ್ಚುವುದಿಲ್ಲ. ಅದೇ ಅಂಗಡಿಯ ಮೊಳೆಗೆ ತೂಗುಹಾಕಿದ ನಾಯಿ ಬೆಲ್ಟನ್ನು ಮಾತ್ರ ಬಣ್ಣ ನೋಡಿ, ಬೆಲೆ ಕೇಳಿ, ಜೇಬಿಗೆ ಹಾಕಿಕೊಂಡು ಬರುತ್ತೀರಿ. ಎತ್ತಿನ ಹೆಗಲು ಬಾತರೆ ಉಳುಮೆ ನಿಲ್ಲುತ್ತದೆ, ನಾಯಿಯ ಕೊರಳು ಬಾತರೆ ಏನು ನಿಂತೀತು ಎಂಬ ಎಣಿಕೆ ನಮ್ಮದು.

ಕಬ್ಬಿನ ಪುಟದಲ್ಲಿ ನಾಯಿಯ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಈ ಹಂಗಾಮಿನಲ್ಲಿ ಕೂಳೆ ಬೆಳೆ ನೋಡಲು ತೋಟಗಳಿಗೆ ಹೋದಾಗ ನನಗೆ ಎದುರಾದ ಪ್ರಶ್ನೆಗಳಲ್ಲಿ ಇದೂ ಒಂದು. ಪಂಪ್‌ಸೆಟ್ಟಿನ ತಾಮ್ರದ ತಂತಿ ಕಳವಾಗುವ ಭಯ, ಬಲಿತ ಕಬ್ಬಿಗೆ ನುಗ್ಗುವ ಹಂದಿಯ ಕಾಟ, ಇವೆರಡರಿಂದ ತೋಟದ ಮನೆಗಳಲ್ಲಿ ನಾಯಿಮರಿ ತಂದು ಸಾಕುವವರು ಹೆಚ್ಚಿದ್ದಾರೆ. ಮರಿ ಆರು ತಿಂಗಳಾಗುವಷ್ಟರಲ್ಲಿ ಮನುಷ್ಯನನ್ನೇ ಎಳೆದುಕೊಂಡು ಹೋಗುತ್ತದೆ. ಆಗ ಯಾರೋ ಒಬ್ಬರು 'ಚೋಕ್ ಚೈನ್ ಹಾಕಿ, ಎರಡೇ ದಿನದಲ್ಲಿ ಸರಿಹೋಗುತ್ತದೆ' ಎನ್ನುತ್ತಾರೆ. ನನಗೂ ಹಾಗೆಯೇ ಹೇಳಿದ್ದರು.

ಆ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ, ತಪ್ಪು ನನ್ನದೇ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಗೆ ಒಂದು ಚಿಪ್ಪಿಪಾರೈ ಮರಿ ಬಂತು. ಉದ್ದ ಕೊರಳು, ಸಣ್ಣ ತಲೆ, ಗಾಳಿಯಂತೆ ಓಟ. ಐದನೆಯ ತಿಂಗಳಿಗೆ ಚೋಕ್ ಚೈನ್ ತಂದು ಹಾಕಿದೆ. ಅದು ಎಳೆದಾಗಲೆಲ್ಲ ನಾನೂ ಜಗ್ಗಿದೆ. ಎರಡು ವಾರದಲ್ಲಿ ಎಳೆಯುವುದು ನಿಲ್ಲಲಿಲ್ಲ, ಬದಲಿಗೆ ಒಣ ಕೆಮ್ಮು ಶುರುವಾಯಿತು. ನೀರು ಕುಡಿದರೂ ಕೆಮ್ಮು. ಪಶುವೈದ್ಯರು ಗಂಟಲನ್ನು ಮೆಲ್ಲಗೆ ಒತ್ತಿ ನೋಡಿ, 'ಈ ಸರಪಳಿಯನ್ನು ಇಲ್ಲೇ ಬಿಟ್ಟು ಹೋಗಿ' ಎಂದರು. ನಾಚಿಕೆಯಾಗಿ, ಈಗ ನೋವಾಗದಿರಲಿ ಎಂದು ಸಾಧಾರಣ ಬೆಲ್ಟನ್ನು ಸಡಿಲವಾಗಿ ಕಟ್ಟಿದೆ. ಅದು ಎರಡನೆಯ ತಪ್ಪು. ಒಂದು ಸಂಜೆ ಕಬ್ಬು ತುಂಬಿದ ಟ್ರಾಕ್ಟರ್ ಪಕ್ಕದಲ್ಲಿ ಹೋಯಿತು. ಟ್ರೈಲರಿನ ಸರಪಳಿ ಝಣಝಣ ಎಂದದ್ದೇ ತಡ, ಮರಿ ಬೆದರಿ ಹಿಂದಕ್ಕೆ ಜಗ್ಗಿತು. ಬೆಲ್ಟು ಕಿವಿಯ ಮೇಲೆ ಜಾರಿ ನನ್ನ ಕೈಯಲ್ಲೇ ಉಳಿಯಿತು. ಮರಿ ರಸ್ತೆಗೆ ಹಾರಿತು. ಎದುರಿಗೆ ಬಂದ ದ್ವಿಚಕ್ರದ ಯುವಕ ಅದನ್ನು ತಪ್ಪಿಸಲು ಹೋಗಿ ಬಿದ್ದ. ಅವನ ಮೊಣಕೈ ಮೂಳೆ ಬಿರಿಯಿತು, ಮರಿಯ ಮುಂಗಾಲು ಮುರಿಯಿತು. ಕಾಲು ಕೂಡಿಕೊಂಡಿತು, ಯುವಕನ ಕೈಯೂ ವಾಸಿಯಾಯಿತು. ಆದರೆ ಆ ಹುಡುಗನ ತಾಯಿ ಆಸ್ಪತ್ರೆಯ ಬೆಂಚಿನಲ್ಲಿ ಕುಳಿತು ನನ್ನನ್ನು ಏನೂ ಅನ್ನದೆ ನೋಡಿದ ನೋಟ ಈಗಲೂ ಮರೆತಿಲ್ಲ.

ಬಿಗಿದರೆ ಗಂಟಲು, ಸಡಿಲಿಸಿದರೆ ರಸ್ತೆ. ಇವೆರಡರ ನಡುವೆ ಸರಿಯಾದ ಪಟ್ಟಿ ಯಾವುದು ಎಂಬುದನ್ನೇ ಇಲ್ಲಿ ವಿವರಿಸುತ್ತೇನೆ.

ಮೊದಲು ಒಂದು ವಿಷಯ ತಿಳಿದಿರಲಿ. ನಾಯಿಯ ಕೊರಳು ಎತ್ತಿನ ಹೆಗಲಲ್ಲ. ಎತ್ತು ಹೆಗಲಿನಿಂದ ಭಾರ ತಳ್ಳುತ್ತದೆ, ಅಲ್ಲಿ ದಪ್ಪ ಮಾಂಸಖಂಡವಿದೆ. ನಾಯಿಯ ಕೊರಳಿನ ಮುಂಭಾಗದಲ್ಲಿ ತೊಗಲಿನ ಕೆಳಗೇ ಶ್ವಾಸನಾಳ, ಅನ್ನನಾಳ, ರಕ್ತನಾಳಗಳು, ಥೈರಾಯಿಡ್ ಗ್ರಂಥಿ ಎಲ್ಲವೂ ಇವೆ. ಮರಿಯ ಶ್ವಾಸನಾಳದ ಬಳೆಗಳು ಇನ್ನೂ ಮೆದು. ನಾಯಿ ಹಗ್ಗದ ವಿರುದ್ಧ ಎಳೆದಾಗ ಕೊರಳಪಟ್ಟಿಯಿಂದ ಕಣ್ಣಿನೊಳಗಿನ ಒತ್ತಡವೂ ಏರುತ್ತದೆ, ಎದೆಪಟ್ಟಿ ಹಾಕಿದಾಗ ಹಾಗಾಗುವುದಿಲ್ಲ ಎಂದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. 2020ರಲ್ಲಿ ಇಂಗ್ಲೆಂಡಿನ ಸಂಶೋಧಕರು ಕೃತಕ ಕೊರಳೊಂದಕ್ಕೆ ಬಗೆಬಗೆಯ ಪಟ್ಟಿಗಳನ್ನು ಹಾಕಿ ಜಗ್ಗಿ ಒತ್ತಡ ಅಳೆದರು. ಜೋರಾಗಿ ಜಗ್ಗಿದಾಗ ಯಾವ ಪಟ್ಟಿಯೂ ಪೂರ್ತಿ ನಿರಪಾಯವಲ್ಲ ಎಂದು ಅವರಿಗೆ ಕಂಡಿತು. ಆದ್ದರಿಂದ ಯಾವ ಪಟ್ಟಿಯನ್ನು ಕೊಂಡರೂ ಜಗ್ಗಾಟ ಕಡಿಮೆಯಾಗುವಂತೆ ಮರಿಗೆ ಕಲಿಸುವ ಕೆಲಸ ನಮಗೆ ತಪ್ಪಿದ್ದಲ್ಲ. ಪಟ್ಟಿ ಕಲಿಸುವುದಿಲ್ಲ, ಹಿಡಿದವನು ಕಲಿಸಬೇಕು.

ಈಗ ಚೋಕ್ ಚೈನಿನ ಬಗ್ಗೆ. ಎರಡು ತುದಿಗೂ ಬಳೆಯಿರುವ ಉಕ್ಕಿನ ಸರಪಳಿ ಅದು. ಒಂದು ಬಳೆಯೊಳಗೆ ಸರಪಳಿಯನ್ನು ತೂರಿಸಿದರೆ ಜೀರುಗುಣಿಕೆಯಾಗುತ್ತದೆ. ಜಗ್ಗಿದರೆ ಬಿಗಿಯುತ್ತದೆ, ಬಿಟ್ಟರೆ ತಾನಾಗಿ ಸಡಿಲಬೇಕು. ಆದರೆ ತಿರುವುಮುರುವಾಗಿ ಹಾಕಿದರೆ ಬಿಟ್ಟಾಗಲೂ ಸಡಿಲುವುದಿಲ್ಲ. ನಮ್ಮ ಕಡೆ ನಾನು ನೋಡಿದ ಹೆಚ್ಚು ನಾಯಿಗಳಿಗೆ ತಿರುವುಮುರುವಾಗಿಯೇ ಹಾಕಿದ್ದರು, ನಾನೂ ಅವರಲ್ಲೊಬ್ಬ. ಹಳೆಯ ಕಾಲದ ಪಳಗಿದ ತರಬೇತುದಾರರು ಇದನ್ನು ಬೆಳೆದ ನಾಯಿಗಳಿಗೆ ಕ್ಷಣಮಾತ್ರ ಬಳಸುತ್ತಿದ್ದುದುಂಟು. ಅವರ ಕೈಯ ಹದ ನಮಗಿಲ್ಲ. ಮರಿಗಂತೂ ಇದು ಬೇಡವೇ ಬೇಡ. ಇದನ್ನು ಹಾಕಿಯೇ ನಾಯಿಯನ್ನು ಗೂಟಕ್ಕೆ ಕಟ್ಟುವುದು ಇನ್ನೂ ಅಪಾಯ. ಬೇಲಿ ಹಾರಲು ಹೋಗಿ ತೂಗಿಬಿದ್ದರೆ ಬಿಡಿಸಲು ಯಾರೂ ಇರುವುದಿಲ್ಲ.

ಮುಳ್ಳು ಪಟ್ಟಿಯ ವಿಚಾರದಲ್ಲಿ ಒಂದು ಗೊಂದಲವಿದೆ. ಹಿಮಾಲಯದ ಕುರಿಗಾಹಿಗಳು ತಮ್ಮ ನಾಯಿಗಳಿಗೆ ಮುಳ್ಳಿನ ಕಬ್ಬಿಣದ ಪಟ್ಟಿ ಹಾಕುವುದನ್ನು ನೀವು ಚಿತ್ರಗಳಲ್ಲಿ ನೋಡಿರಬಹುದು. ಅಲ್ಲಿ ಮುಳ್ಳು ಹೊರಮುಖವಾಗಿರುತ್ತದೆ. ಚಿರತೆ ಕೊರಳಿಗೆ ಬಾಯಿ ಹಾಕದಿರಲಿ ಎಂದು ನಾಯಿಯ ರಕ್ಷಣೆಗೆ ಮಾಡಿದ್ದು. ಅಂಗಡಿಯಲ್ಲಿ ತರಬೇತಿಗೆಂದು ಮಾರುವುದರಲ್ಲಿ ಮುಳ್ಳು ಒಳಮುಖ, ಅದು ಚುಚ್ಚುವುದು ನಾಯಿಯನ್ನೇ. ಜರ್ಮನಿಯಲ್ಲಿ 2022ರ ಆರಂಭದಿಂದ ತರಬೇತಿಗೆ ಇಂಥ ಪಟ್ಟಿಯ ಬಳಕೆ ನಿಷೇಧವಾಗಿದೆ. ವಿದ್ಯುತ್ ಆಘಾತ ಕೊಡುವ ಪಟ್ಟಿಯನ್ನು ವೇಲ್ಸ್ ದೇಶ 2010ರಲ್ಲೇ ನಿಷೇಧಿಸಿತು. ಈಗ ಫೋನಿನಲ್ಲಿ ಆರ್ಡರ್ ಹಾಕಿದರೆ ಎರಡೂ ಮನೆ ಬಾಗಿಲಿಗೆ ಬರುತ್ತವೆ. ತರಿಸಬೇಡಿ. ಕಾವಲಿಗೆ ಬೇಕಾದ ನಾಯಿಯನ್ನು ನೋವಿನಿಂದ ಪಳಗಿಸಿದರೆ ಆ ನೋವನ್ನು ಅದು ಎದುರಿಗೆ ಕಂಡದ್ದಕ್ಕೆ ಗಂಟುಹಾಕುತ್ತದೆ. ಪಕ್ಕದ ಮನೆಯ ಮಗು ಎದುರಿಗೆ ಬಂದಾಗಲೆಲ್ಲ ಕೊರಳು ಚುಚ್ಚಿದರೆ, ಚುಚ್ಚಿದ್ದು ಆ ಮಗುವೇ ಎಂದು ಅದರ ಲೆಕ್ಕ.

ಹಾಗಾದರೆ ಹಾಕಬೇಕಾದ್ದು ಯಾವುದು?

ಮೊದಲನೆಯ ಪಟ್ಟಿ, ಬಕ್ಕಲ್ ಇರುವ ಸಾದಾ ಚಪ್ಪಟೆ ಪಟ್ಟಿ. ಎಂಟು ವಾರ ತುಂಬಿದ ಮರಿಗೆ ಒಂದೂವರೆಯಿಂದ ಎರಡು ಸೆಂ.ಮೀ. ಅಗಲದ ಹಗುರವಾದ ನೂಲಿನ ಅಥವಾ ನೈಲಾನ್ ಪಟ್ಟಿ ಸಾಕು. ಬೆಳೆದಂತೆ ಎರಡೂವರೆ ಸೆಂ.ಮೀ. ಅಥವಾ ಅದಕ್ಕಿಂತ ಅಗಲದ್ದು ಬೇಕು. ಪಟ್ಟಿ ಕಿರಿದಾದಷ್ಟೂ ಕೊಯ್ಯುತ್ತದೆ, ಅಗಲವಾದಷ್ಟೂ ಒತ್ತಡ ಹಂಚಿಹೋಗುತ್ತದೆ. ತೆಳು ಹಗ್ಗದಲ್ಲಿ ಕಬ್ಬಿನ ಹೊರೆ ಹೊತ್ತವರಿಗೆ ಇದನ್ನು ನಾನು ವಿವರಿಸಬೇಕಿಲ್ಲ. ನೈಲಾನಿನ ಅಂಚನ್ನು ನಿಮ್ಮ ಒಳಮಣಿಕಟ್ಟಿಗೆ ಉಜ್ಜಿ ನೋಡಿ. ನಿಮಗೆ ಚುರುಕೆಂದರೆ ಮರಿಗೂ ಚುರುಕು. ಚರ್ಮದ ಪಟ್ಟಿ ಒಳ್ಳೆಯದೇ, ಆದರೆ ಕಾಲುವೆಯಲ್ಲಿ ನೆಂದು ಬಿಸಿಲಿಗೆ ಒಣಗಿ ಮರದ ಚಕ್ಕೆಯಂತಾಗುತ್ತದೆ. ಆಗಾಗ ಎಣ್ಣೆ ಸವರಬೇಕು. ಪ್ಲಾಸ್ಟಿಕ್ ಬಕ್ಕಲ್ ಮರಿಗೆ ಸಾಕು, ನಮ್ಮ ಬಿಸಿಲಿಗೆ ಅದು ಬೇಗ ಪೆಡಸಾಗುವುದರಿಂದ ಬಲಿಷ್ಠ ನಾಯಿಗೆ ಲೋಹದ್ದೇ ಆಗಬೇಕು. ಗೆಜ್ಜೆ ಕಟ್ಟುವ ಆಸೆ ಮಕ್ಕಳಿಗೆ ಇರುತ್ತದೆ. ಒಂದೆರಡು ದಿನ ಕಟ್ಟಲಿ, ಆಮೇಲೆ ಬಿಚ್ಚಿಡಿ. ಹಗಲಿರುಳು ಕೊರಳಲ್ಲೇ ಗಂಟೆ ಬಾರಿಸಿದರೆ ಮೈಲಿ ದೂರದ ಸದ್ದು ಕೇಳಬೇಕಾದ ಕಿವಿಗೆ ತೊಂದರೆ.

ಅಳತೆ ತೆಗೆಯುವ ಕ್ರಮ ಸುಲಭ. ಒಂದು ದಾರವನ್ನು ಕೊರಳಿನ ನಡುಭಾಗಕ್ಕೆ ಸುತ್ತಿ ಗುರುತು ಹಾಕಿ. ಅದೇ ದಾರವನ್ನು ಕಿವಿಯ ಮುಂದೆ, ತಲೆಯ ಅತಿ ಅಗಲವಾದ ಜಾಗಕ್ಕೆ ಸುತ್ತಿ ಇನ್ನೊಂದು ಗುರುತು ಹಾಕಿ. ಕೊರಳಿನ ಅಳತೆಗೆ ತಕ್ಕ ಪಟ್ಟಿ ಕಟ್ಟಿದ ಮೇಲೆ ಅದರ ಕೆಳಗೆ ನಿಮ್ಮ ಎರಡು ಬೆರಳು ಮಟ್ಟಸವಾಗಿ ತೂರಬೇಕು. ಮೂರು ತೂರಿದರೆ ಸಡಿಲ, ಒಂದೇ ತೂರಿದರೆ ಬಿಗಿ. ಮರಿ ಬೆಳೆಯುವ ವೇಗ ಕಬ್ಬಿನ ವೇಗದಂತೆ, ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ವಾರಕ್ಕೊಮ್ಮೆ ಬೆರಳು ತೂರಿಸಿ ನೋಡತಕ್ಕದ್ದು. ಮರಿಯಾಗಿದ್ದಾಗ ಕಟ್ಟಿದ ಪಟ್ಟಿಯನ್ನು ಯಾರೂ ಬಿಚ್ಚದೆ, ಅದು ಕೊರಳಿನ ಮಾಂಸದೊಳಗೆ ಹೂತು, ಹುಳು ಬಿದ್ದ ನಾಯಿಯನ್ನು ನಾನು ನೋಡಿದ್ದೇನೆ. ಬಡತನದ ಮನೆಯದಲ್ಲ, ಮಹಡಿ ಮನೆಯ ನಾಯಿ. ರಾತ್ರಿ ಪಟ್ಟಿ ಬಿಚ್ಚಿ ಕೊರಳು ತಡವಿದರೆ ಉಣ್ಣೆಯೂ ಸಿಗುತ್ತದೆ, ಗಾಯವೂ ತಿಳಿಯುತ್ತದೆ.

ಇನ್ನು ತಲೆಯ ಅಳತೆ ಏಕೆ? ಇಲ್ಲೇ ನಮ್ಮ ಕಡೆಯ ತಳಿಗಳ ವ್ಯತ್ಯಾಸ ಬರುತ್ತದೆ. ಕಂಬಂ ಕಣಿವೆಯ ಕೊಂಬೈ ಊರಿನ ಹೆಸರಿನ ಕೆಂಗಂದು ನಾಯಿ, ರಾಜಪಾಳಯಂನ ಬಿಳಿ ನಾಯಿ, ಇವುಗಳ ತಲೆ ಕೊರಳಿಗಿಂತ ತಕ್ಕಮಟ್ಟಿಗೆ ಅಗಲ. ಸಾದಾ ಪಟ್ಟಿ ನಿಲ್ಲುತ್ತದೆ. ಚಿಪ್ಪಿಪಾರೈ, ಕನ್ನಿ, ಕರ್ನಾಟಕದ ಮುಧೋಳ, ಇವು ಓಟದ ನಾಯಿಗಳು. ಇವುಗಳ ತಲೆ ಕೊರಳಿನಷ್ಟೇ ಅಥವಾ ಅದಕ್ಕಿಂತ ಕಿರಿದು. ದಾರದ ಎರಡು ಗುರುತುಗಳು ಹತ್ತಿರ ಹತ್ತಿರ ಬಂದರೆ ಸಾದಾ ಪಟ್ಟಿಯನ್ನು ನಂಬಿ ರಸ್ತೆಗೆ ಇಳಿಯಬೇಡಿ. ನನ್ನ ಮರಿ ಜಾರಿದ್ದು ಹೀಗೆಯೇ. (ಮುಧೋಳವೂ ಕಬ್ಬಿನ ಸೀಮೆಯೇ. 2005ರಲ್ಲಿ ಅಂಚೆ ಇಲಾಖೆ ಹೊರತಂದ ನಾಯಿಗಳ ಅಂಚೆಚೀಟಿಗಳಲ್ಲಿ ಮುಧೋಳ, ರಾಜಪಾಳಯಂ ಎರಡೂ ಇದ್ದವು. ನಮ್ಮ ಕೊಂಬೈ ಸೇರಲಿಲ್ಲ ಎಂಬುದು ನನ್ನ ಸಣ್ಣ ಅಸಮಾಧಾನ.)

ಕಿರಿದಾದ ತಲೆಯ ನಾಯಿಗಳಿಗೆಂದೇ ಇರುವುದು ಮಾರ್ಟಿಂಗೇಲ್ ಪಟ್ಟಿ. ಹೆಸರು ದೊಡ್ಡದು, ಕೆಲಸ ಸರಳ. ಕೊರಳು ಸುತ್ತುವ ಅಗಲವಾದ ದೊಡ್ಡ ಪಟ್ಟಿಯ ಎರಡು ತುದಿಗೂ ಒಂದೊಂದು ಬಳೆ. ಆ ಎರಡು ಬಳೆಗಳ ಮೂಲಕ ಹಾದುಹೋಗುವ ಒಂದು ಸಣ್ಣ ಕುಣಿಕೆ. ಆ ಕುಣಿಕೆಯಲ್ಲಿರುವ ಮೂರನೆಯ ಬಳೆಗೆ ಹಗ್ಗ. ನಾಯಿ ಸುಮ್ಮನಿದ್ದರೆ ಪಟ್ಟಿ ಸಡಿಲವಾಗಿ ತೂಗುತ್ತದೆ. ಹಿಂದಕ್ಕೆ ಜಗ್ಗಿದರೆ ಸಣ್ಣ ಕುಣಿಕೆ ಎಳೆದುಕೊಂಡು ದೊಡ್ಡ ಪಟ್ಟಿಯನ್ನು ಬಿಗಿಯುತ್ತದೆ, ಆದರೆ ಒಂದು ಮಿತಿಯವರೆಗೆ ಮಾತ್ರ. ಚೋಕ್ ಚೈನಿಗೂ ಇದಕ್ಕೂ ಇರುವ ವ್ಯತ್ಯಾಸ ಆ ಮಿತಿಯೇ. ಪೂರ್ತಿ ಬಿಗಿದಾಗ ಪಟ್ಟಿಯ ಅಳತೆ ಕೊರಳಿನ ಅಳತೆಗೆ ಸಮನಾಗಿ ನಿಲ್ಲಬೇಕು. ಆಗ ಎರಡು ಬಳೆಗಳ ನಡುವೆ ಎರಡು ಬೆರಳಿನಷ್ಟು ಸಂದು ಉಳಿದಿರಬೇಕು. ಬಳೆಗಳು ಒಂದಕ್ಕೊಂದು ತಗುಲಿದರೆ ಪಟ್ಟಿ ದೊಡ್ಡದಾಯಿತೆಂದು ತಿಳಿಯಿರಿ, ತಲೆ ಜಾರಬಹುದು. ನಡೆಸಿ ಬಂದ ಮೇಲೆ ಇದನ್ನು ಬಿಚ್ಚಿಡತಕ್ಕದ್ದು, ಹಾಕಿಯೇ ಕಟ್ಟಿಹಾಕಬಾರದು. ಪೇಟೆಯಲ್ಲಿ ಸಿಗದಿದ್ದರೆ ಒಂದೂವರೆ ಅಂಗುಲದ ನವಾರು ಪಟ್ಟಿ ಮತ್ತು ಮೂರು ಕಬ್ಬಿಣದ ಬಳೆ ಕೊಟ್ಟರೆ ಚಪ್ಪಲಿ ಹೊಲಿಯುವವರು ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತಾರೆ. ನಾನು ಮಾಡಿಸಿದ್ದು ಹಾಗೆಯೇ.

ಎದೆಪಟ್ಟಿ, ಅಂದರೆ ಹಾರ್ನೆಸ್, ಗಂಟಲಿಗೆ ಅತ್ಯಂತ ಸುರಕ್ಷಿತ. ಒಮ್ಮೆ ಕೆಮ್ಮು ಬಂದ ನಾಯಿಗೆ ಇದನ್ನೇ ಹಾಕಬೇಕು. ಆದರೆ ಹಗ್ಗದ ಕೊಂಡಿ ಬೆನ್ನ ಮೇಲಿದ್ದರೆ ಮರಿಗೆ ಎಳೆಯಲು ಅನುಕೂಲವೇ ಆಗುತ್ತದೆ, ಎತ್ತಿಗೆ ನೊಗ ಕೊಟ್ಟಂತೆ. ಕೊಂಡಿ ಎದೆಯ ಮುಂಭಾಗದಲ್ಲಿರುವುದನ್ನು ಆರಿಸಿ. ಅದು ಮುಂದಕ್ಕೆ ಜಗ್ಗಿದರೆ ಮೈ ನಿಮ್ಮ ಕಡೆಗೆ ತಿರುಗುತ್ತದೆ. ನಮ್ಮ ಸೆಕೆಗೆ ದಪ್ಪ ಸ್ಪಂಜಿನದು ಬೇಡ. ಮುಂಗಾಲಿನ ಕಂಕುಳಲ್ಲಿ ತರಚುತ್ತದೆಯೇ ಎಂದು ನೋಡುತ್ತಿರಿ.

ಪಟ್ಟಿ ಬಂತು, ಇನ್ನು ನಡಿಗೆ. ಮೊದಲ ವಾರ ಪಟ್ಟಿಯನ್ನು ಮನೆಯೊಳಗೇ, ಊಟ ಹಾಕುವಾಗ ಹತ್ತು ನಿಮಿಷ ಹಾಕಿ. ಅದು ಕೆರೆದುಕೊಳ್ಳುವುದನ್ನು ಬಿಟ್ಟ ಮೇಲೆ ಹಗುರ ಹಗ್ಗ ಸೇರಿಸಿ. ನಾಲ್ಕರಿಂದ ಆರು ಅಡಿಯ ಬಟ್ಟೆ ಅಥವಾ ನೈಲಾನ್ ಹಗ್ಗ ಸಾಕು, ಕಬ್ಬಿಣದ ಚೈನು ಬೇಡ. ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಳ್ಳಬೇಡಿ, ದೊಡ್ಡ ನಾಯಿ ಹಾರಿದರೆ ನಿಮ್ಮ ಭುಜ ಕಳಚುತ್ತದೆ. ಪಶುವೈದ್ಯರು ಹೇಳಿದ ಚುಚ್ಚುಮದ್ದುಗಳು ಪೂರ್ತಿಯಾಗುವ ತನಕ ಬೀದಿ ಬೇಡ, ತೋಟದೊಳಗೇ ನಡೆಸಿ. ಹುಚ್ಚುನಾಯಿ ರೋಗದ ಮೊದಲ ಲಸಿಕೆ ಮೂರು ತಿಂಗಳಿಗೆ, ಮುಂದಿನವು ವೈದ್ಯರು ಹೇಳಿದ ದಿನಕ್ಕೆ.

ಕಲಿಸುವ ಸೂತ್ರ ಇಷ್ಟೇ: ಹಗ್ಗ ಬಿಗಿಯಾದರೆ ನೀವು ಮರದಂತೆ ನಿಲ್ಲಿ, ಸಡಿಲಾದರೆ ನಡೆಯಿರಿ. ಹಿಂದಕ್ಕೆ ಜಗ್ಗಬೇಡಿ. ಮರಿ ತಿರುಗಿ ನಿಮ್ಮ ಮುಖ ನೋಡಿದ ಕ್ಷಣದಲ್ಲೇ ಒಂದು ತುಣುಕು ತಿಂಡಿ ಕೊಟ್ಟು ಮುಂದೆ ಹೆಜ್ಜೆ ಇಡಿ. ಎಳೆದರೆ ದಾರಿ ಮುಚ್ಚುತ್ತದೆ, ಜೊತೆಗೆ ಬಂದರೆ ದಾರಿ ತೆರೆಯುತ್ತದೆ ಎಂಬುದು ಅದಕ್ಕೆ ತಿಳಿಯಬೇಕು. ಮೊದಲ ದಿನ ಇಪ್ಪತ್ತು ಮಾರು ದಾಟಲು ಹತ್ತು ನಿಮಿಷ ಹಿಡಿಯುತ್ತದೆ. ನೋಡುವವರು ನಗುತ್ತಾರೆ. ಎಳೆ ಹೋರಿಯನ್ನು ಹಳೆಯ ಎತ್ತಿನ ಜೊತೆ ಕಟ್ಟಿ ತಿಂಗಳುಗಟ್ಟಲೆ ಪಳಗಿಸುವ ನಾವು ನಾಯಿಮರಿಗೆ ಎರಡು ದಿನವೂ ಕೊಡದಿದ್ದರೆ ಹೇಗೆ? ದಿನಕ್ಕೆ ಎರಡು ಮೂರು ಸಲ, ಐದು ಹತ್ತು ನಿಮಿಷ ಸಾಕು. ಎಳೆ ಮೂಳೆಗೆ ದೂರದ ನಡಿಗೆ ಒಳ್ಳೆಯದಲ್ಲ.

ಇನ್ನೊಂದು ಮಾತು ನಮ್ಮ ಮನೆಗಳಿಗೇ ವಿಶೇಷ. ಅಜ್ಜ 'ಬಾ' ಎನ್ನುತ್ತಾರೆ, ಹೊರಗಿನಿಂದ ಬಂದ ಆಳು 'ವಾ' ಎನ್ನುತ್ತಾನೆ, ಇಂಗ್ಲಿಷ್ ಶಾಲೆಗೆ ಹೋಗುವ ಮೊಮ್ಮಗ 'ಕಮ್' ಎನ್ನುತ್ತಾನೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ನಮಗೆ ಅಭ್ಯಾಸ, ಮರಿಗೆ ಅಲ್ಲ. ಮನೆಮಂದಿಯೆಲ್ಲ ಕುಳಿತು ಬರುವುದಕ್ಕೆ, ನಿಲ್ಲುವುದಕ್ಕೆ, ಕೂರುವುದಕ್ಕೆ ಒಂದೊಂದೇ ಪದ ಗೊತ್ತುಮಾಡಿಕೊಳ್ಳಿ. ಯಾವ ಭಾಷೆಯಾದರೂ ಆಗಲಿ.

ಹೊತ್ತು ಮತ್ತು ಜಾಗವನ್ನೂ ನೋಡಬೇಕು. ಬೇಸಿಗೆಯಲ್ಲಿ ಡಾಂಬರು ರಸ್ತೆಗೆ ನಿಮ್ಮ ಅಂಗೈ ಹಿಂಭಾಗ ಏಳು ಎಣಿಸುವಷ್ಟು ಹೊತ್ತು ಇಡಲಾಗದಿದ್ದರೆ ಮರಿಯ ಪಾದಕ್ಕೂ ಅದು ಸುಡುತ್ತದೆ. ನಿಲಕ್ಕೋಟ್ಟೈ ಹೂವಿನ ಮಾರುಕಟ್ಟೆಯ ಬೆಳಗಿನ ಗದ್ದಲಕ್ಕೆ ಮೊದಲ ತಿಂಗಳೇ ಒಯ್ಯಬೇಡಿ. ಅರೆಯುವ ಹಂಗಾಮಿನಲ್ಲಿ ಕಬ್ಬಿನ ಗಾಡಿಗಳು ಓಡಾಡುವ ರಸ್ತೆಯನ್ನು ದೂರದಿಂದ ತೋರಿಸಿ, ತಿಂಡಿ ಕೊಟ್ಟು, ದಿನಕ್ಕೆ ಹತ್ತು ಮಾರಿನಂತೆ ಹತ್ತಿರ ಹೋಗಿ. ಆಗತಾನೇ ಔಷಧಿ ಹೊಡೆದ ಗದ್ದೆಯ ಬದುವಿನಲ್ಲಿ ನಡೆಸಬೇಡಿ. ಕಬ್ಬು ಕಡಿಯುವವರ ಗುಡಿಸಲುಗಳ ಬಳಿ ಮಕ್ಕಳು ಆಡುತ್ತಿರುತ್ತವೆ, ಅಲ್ಲಿ ಹಗ್ಗ ಗಿಡ್ಡ ಹಿಡಿಯಿರಿ. ಯಾರಿಗಾದರೂ ಹಲ್ಲು ತಗುಲಿದರೆ ಸುಣ್ಣ, ಅರಿಸಿನ, ಮೆಣಸಿನಪುಡಿ ಎಂದು ಹಚ್ಚದೆ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಹೇಳಿದ ಎಲ್ಲಾ ಸೂಜಿಗಳನ್ನೂ ದಿನ ತಪ್ಪದೆ ಹಾಕಿಸತಕ್ಕದ್ದು. ಆ ಖರ್ಚು ಮತ್ತು ಓಡಾಟ ನಾಯಿಯ ಯಜಮಾನನದು.

'ಕಾವಲು ನಾಯಿಗೆ ನಡಿಗೆ ಏಕೆ, ಕಟ್ಟಿಹಾಕಿದರೆ ಸಾಲದೇ?' ಎಂದು ಒಬ್ಬ ಹಿರಿಯ ಸದಸ್ಯರು ಕೇಳಿದರು. ಸಾಲದು. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೆಯ ಪ್ರಕರಣದ ಪ್ರಕಾರ ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ದೀರ್ಘಕಾಲ ಕಟ್ಟುವುದು ಅಪರಾಧ. ಸದಾ ಕಟ್ಟಿರುವ ನಾಯಿಗೆ ತಕ್ಕಷ್ಟು ನಡೆದಾಟ ಕೊಡದಿರುವುದೂ ಅಪರಾಧವೇ. ಕಾಯಿದೆ ಒತ್ತಟ್ಟಿಗಿರಲಿ, ಹಗಲೆಲ್ಲ ಗೂಟದಲ್ಲಿರುವ ನಾಯಿ ಕಳ್ಳನಿಗೂ ಬೊಗಳುತ್ತದೆ, ಎಲೆ ಅಲುಗಿದರೂ ಬೊಗಳುತ್ತದೆ. ರಾತ್ರಿ ಅದರ ಮಾತನ್ನು ಯಾರೂ ನಂಬುವುದಿಲ್ಲ. ದಿನವೂ ತೋಟದ ನಾಲ್ಕು ಬದು ಸುತ್ತಿದ ನಾಯಿಗೆ ತನ್ನ ಗಡಿ ಗೊತ್ತಿರುತ್ತದೆ. ಹಂದಿಯನ್ನು ಕಂಡರೆ ಬೊಗಳಿ ತಿಳಿಸಲಿ, ಬೇಟೆಗೆ ಬಿಡುವುದು ಮಾತ್ರ ಬೇಡ. ಕೊಂಬೈ ನಾಯಿಯ ಹಂದಿಬೇಟೆ ಹಿಂದಿನ ಕಾಲಕ್ಕಾಯಿತು, ಈಗ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದೆ.

ನವಾರಿನಿಂದ ಹೊಲಿಸಿದ ಮಾದರಿ ಪಟ್ಟಿಯೊಂದನ್ನು ವಿಭಾಗ ಕಚೇರಿಯ ನನ್ನ ಮೇಜಿನ ಮೇಲೆ ಇಟ್ಟಿದ್ದೇನೆ. ಕಬ್ಬು ನೋಂದಣಿಗೆ ಬಂದಾಗ ಅಳತೆ ತೆಗೆದುಕೊಂಡು ಹೋಗಬಹುದು. ದಾರದ ಎರಡು ಗುರುತುಗಳನ್ನು ಜೊತೆಗೆ ತಂದರೆ ನಿಮ್ಮ ಮರಿಗೆ ಸಾದಾ ಪಟ್ಟಿ ಸಾಕೇ, ಇದೇ ಬೇಕೇ ಎಂದು ನೋಡಿ ಹೇಳುತ್ತೇನೆ. ಮಾದರಿಯನ್ನು ಮಾತ್ರ ಅಲ್ಲಿಯೇ ಬಿಟ್ಟು ಹೋಗಿ, ಹಿಂದಿನದನ್ನು ಯಾರೋ ಒಯ್ದಿದ್ದಾರೆ.